ಪರದೆಯ ಮೇಲೆ ಪ್ರತಿ ಸಲವೂ ಬೇರೆ ಕೋಡ್

ಆ ದಿನ ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿದಾಗ ಎಂದಿನಂತೆ ಮೊದಲು ಲಾಂಛನ ಕಾಣಿಸಿತು, ಅದರ ಕೆಳಗೆ ಬಿಳಿಯ ಚುಕ್ಕಿಗಳು ಸುತ್ತತೊಡಗಿದವು, ಮೂರ್ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಇದ್ದಲ್ಲೇ ನಿಂತುಬಿಟ್ಟವು. ಎರಡು ಕ್ಷಣದ ಬಳಿಕ ಇಡೀ ಪರದೆ ನೀಲಿಯಾಯಿತು. ಎಡಬದಿಯಲ್ಲಿ ಬಾಡಿದ ಮುಖದ ಚಿಹ್ನೆ, ಅದರಡಿ ಯಂತ್ರದಲ್ಲಿ ತೊಂದರೆಯಾಗಿದೆ, ಮರುಪ್ರಾರಂಭಿಸಬೇಕಾಗಿದೆ ಎಂಬ ಸಂದೇಶ, ಏರುತ್ತಿರುವ ಶೇಕಡಾ ಲೆಕ್ಕ, ಒಂದು ಕ್ಯೂಆರ್ ಕೋಡ್, ಅದರ ಪಕ್ಕದಲ್ಲಿ ಕಣ್ಣು ಕಿರಿದಾಗಿಸಿ ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’ ಎಂಬ ಸ್ಟಾಪ್ ಕೋಡ್. ನಾನು ಓದಿ ಮುಗಿಸುವ ಹೊತ್ತಿಗೆ ಲೆಕ್ಕ ನೂರು ಮುಟ್ಟಿ ಯಂತ್ರ ತಾನಾಗಿಯೇ ಮರುಪ್ರಾರಂಭಗೊಂಡಿತು. ಎರಡನೆಯ ಸಲ ಲಾಗಿನ್ ಪರದೆಯವರೆಗೆ ಬಂದು, ಪಾಸ್‌ವರ್ಡಿನ ಅರ್ಧ ಟೈಪಿಸುವಾಗ ಮತ್ತೆ ನೀಲಿಯಾಯಿತು. ಈ ಬಾರಿ ಕೋಡ್ ‘ಸಿಸ್ಟಮ್ ಸರ್ವಿಸ್ ಎಕ್ಸೆಪ್ಷನ್’ ಎಂದಿತ್ತು. ಕೋಡ್ ಬದಲಾದದ್ದನ್ನು ಕಂಡೆನಾದರೂ ಅದಕ್ಕೆ ಏನಾದರೂ ಅರ್ಥವಿರಬಹುದು ಎಂದು ಆಗ ಹೊಳೆಯಲಿಲ್ಲ.

ಯಂತ್ರ ಆರು ವರ್ಷ ಹಳೆಯದು, ಬಿಡಿಭಾಗಗಳನ್ನು ತಂದು ನಾನೇ ಜೋಡಿಸಿದ್ದು. ವಿಂಡೋಸ್ ಇರುವುದು ಒಂದು ಎಸ್‌ಎಸ್‌ಡಿಯಲ್ಲಿ, ನನ್ನ ಕೆಲಸದ ಕಡತಗಳಿರುವುದು ಪ್ರತ್ಯೇಕವಾದ ಒಂದು ಹಾರ್ಡ್ ಡಿಸ್ಕಿನಲ್ಲಿ. ಮೂರು ವರ್ಷಗಳಿಂದ ನಾನು ಹಿರಿಯರೊಡನೆ ಕುಳಿತು ಅವರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದೇನೆ. ಆ ಮಾತುಕತೆಗಳೆಲ್ಲ ಆ ಡಿಸ್ಕಿನಲ್ಲಿದ್ದವು. ಅವರಲ್ಲಿ ಕೆಲವರು ಈಗಿಲ್ಲ. ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟು ನಾಲ್ಕು ತಿಂಗಳಾಗಿತ್ತು. ಯಂತ್ರ ಕೆಟ್ಟಿದ್ದಕ್ಕಿಂತ ಆ ನಾಲ್ಕು ತಿಂಗಳ ಲೆಕ್ಕವೇ ಆ ಬೆಳಿಗ್ಗೆ ನನ್ನನ್ನು ಹೆಚ್ಚು ಕಾಡಿತು.

ನೀಲಿ ಪರದೆ ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದನ್ನೇ ಕಾಯಿಲೆ ಎಂದು ಭಾವಿಸಿ ನಾನು ಎರಡು ದಿನ ಕಳೆದುಕೊಂಡೆ. ನಾವು ಬಳಸುವ ಬ್ರೌಸರಿನಂಥ ಸಾಮಾನ್ಯ ತಂತ್ರಾಂಶವೊಂದು ತಪ್ಪು ಮಾಡಿದರೆ ಕಾರ್ಯಾಚರಣ ವ್ಯವಸ್ಥೆ ಅದೊಂದನ್ನೇ ಮುಚ್ಚಿ ಮುಂದುವರಿಯುತ್ತದೆ. ಆದರೆ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ, ಅಥವಾ ಅದರ ಜೊತೆಯಲ್ಲಿ ಅದರಷ್ಟೇ ಅಧಿಕಾರದಿಂದ ನಡೆಯುವ ಯಂತ್ರದ ಬಿಡಿಭಾಗಗಳನ್ನು ನಡೆಸುವ ತಂತ್ರಾಂಶಗಳಾದ ಡ್ರೈವರುಗಳಲ್ಲಿ ತಪ್ಪಾದಾಗ, ಅದನ್ನು ಮುಚ್ಚಿ ಪರಿಸ್ಥಿತಿಯನ್ನು ಸರಿಪಡಿಸಲು ಮೇಲೆ ಯಾರೂ ಇರುವುದಿಲ್ಲ. ಮೆಮೊರಿಯಲ್ಲಿರುವ ಯಾವ ಮಾಹಿತಿಯನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂದು ತಿಳಿಯದ ಆ ಸ್ಥಿತಿಯಲ್ಲಿ ಕೆಲಸ ಮುಂದುವರಿಸಿದರೆ ಕೆಟ್ಟ ಮಾಹಿತಿಯೇ ಡಿಸ್ಕಿಗೂ ಇಳಿದುಬಿಡುವ ಅಪಾಯವಿರುತ್ತದೆ. ಆದ್ದರಿಂದ ವಿಂಡೋಸ್ ತಾನೇ ನಿರ್ಧರಿಸಿ ನಿಲ್ಲುತ್ತದೆ, ನಿಲ್ಲುವ ಮುನ್ನ ತನಗೆ ಕಂಡ ಕಾರಣವನ್ನು ಕೋಡಿನ ರೂಪದಲ್ಲಿ ಹೇಳುತ್ತದೆ, ಸಾಧ್ಯವಾದರೆ ಮೆಮೊರಿಯ ಸ್ಥಿತಿಯನ್ನು ಒಂದು ಡಂಪ್ ಕಡತವಾಗಿ ಬರೆದಿಡುತ್ತದೆ. ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ 2025ರಿಂದ ಈ ಪರದೆ ಕಪ್ಪು ಬಣ್ಣಕ್ಕೆ ತಿರುಗಿದೆ, ಬಾಡಿದ ಮುಖವೂ ಹೋಗಿದೆ. ಕೋಡ್ ಮಾತ್ರ ಉಳಿದಿದೆ. ಉಳಿಯಬೇಕಾದದ್ದೂ ಅದೇ.

ನನ್ನ ಮೊದಲ ಅನುಮಾನ ಎರಡು ದಿನಗಳ ಹಿಂದೆ ಹೊಸದಾಗಿಸಿದ್ದ ಗ್ರಾಫಿಕ್ಸ್ ಡ್ರೈವರಿನ ಮೇಲೆ ಬಿತ್ತು. ಕೊನೆಯದಾಗಿ ಏನು ಬದಲಾಯಿತೋ ಅದನ್ನೇ ಮೊದಲು ನೋಡಬೇಕು ಎಂಬುದು ಸಾಮಾನ್ಯವಾಗಿ ಒಳ್ಳೆಯ ನಿಯಮ. ಬೂಟ್, ಅಂದರೆ ಯಂತ್ರ ಎದ್ದು ಸಿದ್ಧವಾಗುವ ಕ್ರಿಯೆ, ಸತತವಾಗಿ ವಿಫಲವಾದುದರಿಂದ ವಿಂಡೋಸ್ ತಾನಾಗಿಯೇ ದುರಸ್ತಿ ಪರಿಸರಕ್ಕೆ ಹೋಗಿ, ದುರಸ್ತಿ ಮಾಡಲಾಗಲಿಲ್ಲ ಎಂದು ಹೇಳಿ, ಮುಂದಿನ ಆಯ್ಕೆಗಳನ್ನು ತೋರಿಸಿತು. ಅಲ್ಲಿ ಟ್ರಬಲ್‌ಶೂಟ್, ಸುಧಾರಿತ ಆಯ್ಕೆಗಳು, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್ ಎಂಬ ಹಾದಿಯಲ್ಲಿ ಹೋಗಿ, ಮರುಪ್ರಾರಂಭದ ನಂತರ 4ನ್ನು ಒತ್ತಿ ಸೇಫ್ ಮೋಡ್ ಪ್ರವೇಶಿಸಿದೆ. ಅತ್ಯಗತ್ಯವಾದ ಡ್ರೈವರುಗಳನ್ನು ಮಾತ್ರ ಹೇರಿಕೊಂಡು ಏಳುವ ಆ ಸ್ಥಿತಿಯಲ್ಲಿ ಯಂತ್ರ ಹತ್ತು ನಿಮಿಷ ನಿಂತಿತು. ಹೊಸ ಡ್ರೈವರನ್ನು ತೆಗೆದು ಹಳೆಯದನ್ನು ಹಾಕಿ ಮರುಪ್ರಾರಂಭಿಸಿದೆ. ವಿಂಡೋಸ್ ಸಲೀಸಾಗಿ ಎದ್ದಿತು, ಸಂಜೆಯವರೆಗೂ ಯಾವ ತಕರಾರೂ ಇರಲಿಲ್ಲ. ಸಮಸ್ಯೆ ಬಗೆಹರಿಯಿತು ಎಂದು ನಂಬಿ ನಕಲು ಮಾಡುವ ಕೆಲಸವನ್ನು ಮರುದಿನಕ್ಕೆ ಬಿಟ್ಟೆ. ಈ ಇಡೀ ಪ್ರಸಂಗದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅದು. ಬಿಟ್ಟು ಬಿಟ್ಟು ಬರುವ ದೋಷವೊಂದು ಒಂದು ದಿನ ಕಾಣಿಸದಿದ್ದರೆ ಅದು ಹೋಗಿದೆ ಎಂದು ಅರ್ಥವಲ್ಲ.

ಮರುದಿನ ಬೆಳಿಗ್ಗೆ ಮತ್ತೆ ನೀಲಿ. ಅಂದು ಒಂದು ನೋಟ್‌ಬುಕ್ ತೆಗೆದುಕೊಂಡು, ಪ್ರತಿ ಸಲವೂ ವೇಳೆ, ಯಂತ್ರ ಎಲ್ಲಿಯವರೆಗೆ ಬಂತು, ಯಾವ ಕೋಡ್ ಎಂಬ ಮೂರನ್ನು ಬರೆಯತೊಡಗಿದೆ. ಕೋಡ್ ಮಾಯವಾಗುವ ಮೊದಲು ಬರೆದುಕೊಳ್ಳಲಾಗದಿದ್ದರೆ ಫೋನಿನಲ್ಲಿ ಚಿತ್ರ ತೆಗೆದೆ. ಮಧ್ಯಾಹ್ನದ ಹೊತ್ತಿಗೆ ಏಳು ಸಾಲುಗಳಾಗಿದ್ದವು. ‘ಪೇಜ್ ಫಾಲ್ಟ್’ ಎರಡು ಸಲ, ‘ಸಿಸ್ಟಮ್ ಸರ್ವಿಸ್ ಎಕ್ಸೆಪ್ಷನ್’ ಎರಡು ಸಲ, ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’ ಒಂದು ಸಲ, ‘ಮೆಮೊರಿ ಮ್ಯಾನೇಜ್‌ಮೆಂಟ್’ ಒಂದು ಸಲ; ಇನ್ನೊಂದು ಸಲ ಯಾವ ಪರದೆಯೂ ಇಲ್ಲದೆ ಯಂತ್ರ ತಟಸ್ಥವಾಗಿ ನಿಂತಿತ್ತು. ಒಮ್ಮೆ ಲಾಂಛನದ ಬಳಿ, ಒಮ್ಮೆ ಲಾಗಿನ್ ಬಳಿ, ಒಮ್ಮೆ ಡೆಸ್ಕ್‌ಟಾಪ್ ಬಂದು ಅರ್ಧ ನಿಮಿಷದ ಮೇಲೆ.

ಮೊದಲ ಕೋಡನ್ನೇ ಹಿಡಿದು ಹುಡುಕಿದ್ದರೆ ದಾರಿ ತಪ್ಪುವುದು ಸುಲಭವಾಗಿತ್ತು. 2024ರ ಜುಲೈ 19ರಂದು ಭದ್ರತಾ ತಂತ್ರಾಂಶವೊಂದರ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬೂಟ್ ಆಗದೆ ನಿಂತಾಗ ಅನೇಕ ಪರದೆಗಳ ಮೇಲೆ ಕಂಡದ್ದೂ ಇದೇ ‘ಪೇಜ್ ಫಾಲ್ಟ್’ ಕೋಡ್. ಅಲ್ಲಿ ಸೇಫ್ ಮೋಡಿಗೆ ಹೋಗಿ ಒಂದು ಕಡತವನ್ನು ಅಳಿಸಿದರೆ ಯಂತ್ರ ಸರಿಹೋಗುತ್ತಿತ್ತು. ಆದರೆ ಆ ಯಂತ್ರಗಳು ಪ್ರತಿ ಸಲವೂ ಅದೇ ಜಾಗದಲ್ಲಿ ಅದೇ ರೀತಿ ಬೀಳುತ್ತಿದ್ದವು, ಏಕೆಂದರೆ ಅದೇ ಡ್ರೈವರ್ ಅದೇ ಕೆಟ್ಟ ಕಡತವನ್ನು ಓದುತ್ತಿತ್ತು. ನನ್ನದರಲ್ಲಿ ಬೀಳುವ ಜಾಗವೂ ಬದಲಾಗುತ್ತಿತ್ತು, ಕಾರಣವೂ ಬದಲಾಗುತ್ತಿತ್ತು. ನೋಟ್‌ಬುಕ್ಕಿನ ಏಳು ಸಾಲುಗಳನ್ನು ಒಟ್ಟಿಗೆ ನೋಡಿದಾಗ ನನಗೆ ಮೊದಲ ಬಾರಿಗೆ ಅನ್ನಿಸಿದ್ದು, ಇಲ್ಲಿ ಯಾವುದೇ ಒಂದು ಕೋಡಿಗಿಂತ ಕೋಡ್ ಪ್ರತಿ ಸಲವೂ ಬೇರೆಯಾಗುತ್ತಿರುವುದೇ ಮುಖ್ಯವಾದ ಸುಳಿವು ಎಂದು.

ಹಾಗಿದ್ದರೂ ನಾನು ನೇರವಾಗಿ ಸರಿದಾರಿಗೆ ಬರಲಿಲ್ಲ. ವಿಂಡೋಸಿಗೂ ಮುಂಚೆ ಯಂತ್ರವನ್ನು ಎಬ್ಬಿಸುವ ಬಯೋಸ್ ಎಂಬ ತಂತ್ರಾಂಶದ ಸೆಟ್ಟಿಂಗುಗಳು ಕೆಟ್ಟಿರಬಹುದು ಎಂದುಕೊಂಡು, ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ 3 ವೋಲ್ಟಿನ ಬ್ಯಾಟರಿಯನ್ನು ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದೆ. ಸೆಟ್ಟಿಂಗುಗಳೆಲ್ಲ ಕಾರ್ಖಾನೆಯ ಮೂಲಸ್ಥಿತಿಗೆ ಮರಳಿದವು. ಯಂತ್ರವನ್ನು ಆನ್ ಮಾಡಿದರೆ ಹೊಚ್ಚ ಹೊಸ ಕೋಡ್: ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’. ಎರಡನೆಯ ಸಲವೂ ಅದೇ, ಮೂರನೆಯ ಸಲವೂ ಅದೇ. ಎಸ್‌ಎಸ್‌ಡಿಯೇ ಹೋಯಿತು ಎಂದು ಎದೆ ಧಸಕ್ಕೆಂದಿತು. ಅರ್ಧ ಗಂಟೆಯ ನಂತರ ನೆನಪಾಯಿತು: ಆರು ವರ್ಷಗಳ ಹಿಂದೆ ವಿಂಡೋಸ್ ಹಾಕುವಾಗ ಡಿಸ್ಕುಗಳನ್ನು ಯಂತ್ರಕ್ಕೆ ಜೋಡಿಸುವ ಸಾಟಾ ನಿಯಂತ್ರಕ ರೇಡ್ ಎಂಬ ಮೋಡಿನಲ್ಲಿತ್ತು, ಮೂಲಸ್ಥಿತಿಗೆ ಮರಳಿದಾಗ ಅದು ಎಎಚ್‌ಸಿಐ ಎಂಬ ಇನ್ನೊಂದು ಮೋಡಿಗೆ ಬದಲಾಗಿದೆ. ಡಿಸ್ಕನ್ನು ಒಂದು ಮೋಡಿನ ಡ್ರೈವರ್ ಮೂಲಕ ಕಾಣಲು ಸಿದ್ಧವಾಗಿರುವ ವಿಂಡೋಸ್‌ಗೆ ಇನ್ನೊಂದು ಮೋಡಿನಲ್ಲಿ ತನ್ನ ಬೂಟ್ ಡಿಸ್ಕೇ ಸಿಗುವುದಿಲ್ಲ. ಮೋಡನ್ನು ಮೊದಲಿನಂತೆ ಮಾಡಿದೊಡನೆ ಆ ಕೋಡ್ ಮಾಯವಾಯಿತು. ಬಯೋಸನ್ನು ಮುಟ್ಟುವ ಮುನ್ನ ಅದರ ಪ್ರತಿ ಪುಟದ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಬೇಕಿತ್ತು. ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ಬಿಟ್‌ಲಾಕರ್ ರಕ್ಷಣೆ ಇದ್ದವರು ಇನ್ನೂ ಎಚ್ಚರದಿಂದಿರಬೇಕು. ಇಂಥ ಬದಲಾವಣೆಗಳಾದಾಗ ಅದು 48 ಅಂಕಿಗಳ ಚೇತರಿಕೆ ಕೀಲಿಯನ್ನು ಕೇಳಬಹುದು, ಆ ಕೀಲಿ ಕೈಯಲ್ಲಿಲ್ಲದೆ ಮುಂದೆ ಹೋಗಬಾರದು.

ಆ ದಿನ ಸಂಜೆ, ಬಹಳ ವರ್ಷ ಸರ್ವರುಗಳನ್ನು ನೋಡಿಕೊಂಡಿದ್ದ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದೆ. ಅವರು ಕೋಡುಗಳ ಪಟ್ಟಿಯನ್ನು ತಾಳ್ಮೆಯಿಂದ ಕೇಳಿಸಿಕೊಂಡು, “ನೀವು ವಿಂಡೋಸನ್ನು ಸರಿಮಾಡೋದು ಬಿಡಿ. ಮೊದಲು ಕಡತಗಳನ್ನು ಹೊರಗೆ ತೆಗೀರಿ. ಕಾರಣ ಗೊತ್ತಾಗೋವರೆಗೂ ಆ ಡಿಸ್ಕಿಗೆ ಒಂದಕ್ಷರವನ್ನೂ ಬರೀಬೇಡಿ,” ಎಂದರು. ಹಾಗೆಯೇ ವಿಂಡೋಸನ್ನು ಮರುಸ್ಥಾಪಿಸುವ ಯೋಚನೆಯಿದೆಯೇ ಎಂದು ಕೇಳಿ, ಇದೆ ಎಂದಾಗ ಬೇಡವೇ ಬೇಡ ಎಂದರು. ಆ ಮಾತಿನ ಬೆಲೆ ನನಗೆ ಮರುದಿನ ತಿಳಿಯಿತು.

ಮರುದಿನ ಇನ್ನೊಂದು ಕಂಪ್ಯೂಟರಿನಲ್ಲಿ ಪೆನ್ ಡ್ರೈವ್ ಒಂದಕ್ಕೆ ಲಿನಕ್ಸ್ ಎಂಬ ಬೇರೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಕೊಂಡು, ಅದರಿಂದಲೇ ಯಂತ್ರವನ್ನು ಬೂಟ್ ಮಾಡಿದೆ. ಇದರಿಂದ ಎರಡು ಪ್ರಯೋಜನಗಳಿವೆ. ಕೆಟ್ಟು ನಿಂತ ವಿಂಡೋಸನ್ನು ಮುಟ್ಟದೆ ಡಿಸ್ಕಿನಲ್ಲಿರುವುದನ್ನು ಓದಬಹುದು. ಜೊತೆಗೆ ದೋಷ ವಿಂಡೋಸಿನದೋ ಯಂತ್ರದ್ದೋ ಎಂಬುದಕ್ಕೂ ಒಂದು ಉತ್ತರ ಸಿಗುತ್ತದೆ. ವಿಂಡೋಸಿನ ಫಾಸ್ಟ್ ಸ್ಟಾರ್ಟ್‌ಅಪ್ ಸೌಲಭ್ಯ ಚಾಲ್ತಿಯಲ್ಲಿದ್ದರೆ ಶಟ್‌ಡೌನ್ ಮಾಡಿದಾಗ ಕರ್ನಲಿನ ಸ್ಥಿತಿ ಡಿಸ್ಕಿನಲ್ಲಿ ಉಳಿದಿರುತ್ತದೆ, ಅಂಥ ವಿಭಾಗಕ್ಕೆ ಹೊರಗಿನಿಂದ ಬರೆಯುವುದು ಅಪಾಯಕಾರಿ. ಹಾಗಾಗಿ ಓದಲು ಮಾತ್ರ ಅನುಮತಿಯಿರುವಂತೆ ಎರಡೂ ಡಿಸ್ಕುಗಳನ್ನು ತೆರೆದೆ. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ನೋಡಿದರೆ ಹಾರ್ಡ್ ಡಿಸ್ಕಿನಲ್ಲಿ ಕೆಟ್ಟು ಸ್ಥಳಾಂತರಗೊಂಡ ಸೆಕ್ಟರುಗಳು (ಮಾಹಿತಿ ಇಡುವ ಚಿಕ್ಕ ಭಾಗಗಳು) ಸೊನ್ನೆ, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು ಸೊನ್ನೆ, ಕೇಬಲಿನ ದೋಷವನ್ನು ತೋರಿಸುವ ಸಿಆರ್‌ಸಿ ಲೆಕ್ಕವೂ ಸೊನ್ನೆ. ಎಸ್‌ಎಸ್‌ಡಿಯ ವರದಿಯಲ್ಲೂ ಆತಂಕಪಡುವಂಥದ್ದು ಏನೂ ಇರಲಿಲ್ಲ. ಡಿಸ್ಕುಗಳ ಮೇಲಿನ ಅನುಮಾನ ಬಹುಮಟ್ಟಿಗೆ ಕಳೆಯಿತು.

ಹೊರಗಿನ ಡಿಸ್ಕಿಗೆ ನಕಲು ಮಾಡಿ ಮುಗಿಸಿದ ಮೇಲೆ, ನಕಲು ಮೂಲದಂತೆಯೇ ಇದೆಯೇ ಎಂದು ಪರೀಕ್ಷಿಸಲು ದೊಡ್ಡ ಕಡತವೊಂದನ್ನು ಆರಿಸಿಕೊಂಡೆ. ಎರಡು ವರ್ಷಗಳ ಧ್ವನಿಮುದ್ರಣಗಳನ್ನು ಒಟ್ಟುಗೂಡಿಸಿದ 22 ಜಿಬಿಯ ಕಡತ ಅದು. ಶಾ-256 ಎಂಬ ವಿಧಾನದಿಂದ ಕಡತದ ಪ್ರತಿ ಬಿಟ್ಟನ್ನೂ, ಅಂದರೆ ಪ್ರತಿ 0 ಅಥವಾ 1ನ್ನೂ, ಲೆಕ್ಕಕ್ಕೆ ಹಿಡಿದು 64 ಅಕ್ಷರಗಳ ಒಂದು ಸಾಲನ್ನು ಪಡೆಯಬಹುದು. ಕಡತದಲ್ಲಿ ಒಂದು ಬಿಟ್ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಮೂಲದ ಸಾಲಿಗೂ ನಕಲಿನ ಸಾಲಿಗೂ ಹೊಂದಾಣಿಕೆಯಾಗಲಿಲ್ಲ. ನಕಲು ಕೆಟ್ಟಿತೆಂದುಕೊಂಡು, ಖಚಿತಪಡಿಸಿಕೊಳ್ಳಲು ಮೂಲದ ಲೆಕ್ಕವನ್ನೇ ಇನ್ನೊಮ್ಮೆ ಮಾಡಿಸಿದೆ. ಮೊದಲ ಸಲ ಸಾಲು ಆರಂಭವಾದದ್ದು 7ರಿಂದ, ಈ ಸಲ ಆರಂಭವಾದದ್ದು 2ರಿಂದ. ಮೂರನೆಯ ಸಲ ಮತ್ತೊಂದು. ಯಾರೂ ಮುಟ್ಟದ, ಬರೆಯಲು ಅನುಮತಿಯೇ ಇಲ್ಲದ ಒಂದೇ ಕಡತ ಮೂರು ಸಲ ಓದಿದಾಗ ಮೂರು ಬಗೆಯಾಗಿ ಕಾಣುತ್ತಿತ್ತು.

ಕುರ್ಚಿಯಿಂದ ಎದ್ದು ನಿಂತು ಆ ಮೂರು ಸಾಲುಗಳನ್ನು ಬಹಳ ಹೊತ್ತು ನೋಡಿದೆ. ಡಿಸ್ಕು ತಪ್ಪು ಓದಿದ್ದರೆ ಡಿಸ್ಕಿನೊಳಗಿನ ತಪ್ಪು ತಿದ್ದುವ ವ್ಯವಸ್ಥೆ ಅದನ್ನು ಹಿಡಿದು ದೂರು ಹೇಳಬೇಕಿತ್ತು. ಕೇಬಲ್ ಕೆಟ್ಟಿದ್ದರೆ ಸಿಆರ್‌ಸಿ ಲೆಕ್ಕ ಏರಬೇಕಿತ್ತು. ಉಳಿದದ್ದು, ಡಿಸ್ಕಿನಿಂದ ಬಂದ ಮಾಹಿತಿ ಪ್ರೊಸೆಸರ್ ಸೇರುವ ಮುನ್ನ ತಂಗುವ ಜಾಗ, ಅಂದರೆ ರ‍್ಯಾಮ್. ಸಾಮಾನ್ಯ ಕಂಪ್ಯೂಟರುಗಳಲ್ಲಿರುವ ಬಹುಪಾಲು ರ‍್ಯಾಮಿಗೆ ತಪ್ಪನ್ನು ತಾನೇ ಹಿಡಿದು ವ್ಯವಸ್ಥೆಗೆ ತಿಳಿಸುವ ಏರ್ಪಾಡಿಲ್ಲ. ಬರೆದದ್ದು 1, ಓದಿದಾಗ 0 ಬಂದರೆ ಅದು 0 ಎಂದೇ ಮುಂದೆ ಸಾಗುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ: ಚಿಕ್ಕ ಕಡತವನ್ನು ಆರಿಸಿಕೊಂಡಿದ್ದರೆ ಎರಡನೆಯ ಸಲ ಅದು ಡಿಸ್ಕಿನಿಂದ ಬರದೆ ಮೆಮೊರಿಯಲ್ಲೇ ಉಳಿದ ಪ್ರತಿಯಿಂದ ಬರುತ್ತಿತ್ತು, ಲೆಕ್ಕ ಎರಡು ಸಲವೂ ಒಂದೇ ಆಗಿ ನಾನು ಮೋಸಹೋಗುತ್ತಿದ್ದೆ. ಯಂತ್ರದ ರ‍್ಯಾಮ್ 16 ಜಿಬಿ, ಕಡತ ಅದಕ್ಕಿಂತ ದೊಡ್ಡದು, ಆದ್ದರಿಂದ ಪ್ರತಿ ಸಲವೂ ಹೊಸದಾಗಿ ಓದಲೇಬೇಕಾಯಿತು.

ಕೋಡುಗಳು ಬದಲಾಗುತ್ತಿದ್ದುದಕ್ಕೂ ಈಗ ಅರ್ಥ ಬಂತು. ವಿಂಡೋಸ್ ಪ್ರತಿ ಬೂಟಿನಲ್ಲೂ ಕರ್ನಲನ್ನೂ ಡ್ರೈವರುಗಳನ್ನೂ ಭದ್ರತೆಯ ಕಾರಣಕ್ಕೆ ಬೇರೆ ಬೇರೆ ವಿಳಾಸಗಳಲ್ಲಿ ಇಡುತ್ತದೆ, ಭೌತಿಕ ಮೆಮೊರಿಯ ಹಂಚಿಕೆಯೂ ಪ್ರತಿ ಸಲ ಒಂದೇ ತೆರನಾಗಿರುವುದಿಲ್ಲ. ಮೆಮೊರಿಯ ಕೆಟ್ಟ ಕೋಶ ಇದ್ದಲ್ಲೇ ಇರುತ್ತದೆ, ಅದರ ಮೇಲೆ ಬಂದು ಕೂರುವವರು ಬದಲಾಗುತ್ತಾರೆ. ಒಂದು ದಿನ ಕಡತ ವ್ಯವಸ್ಥೆಯ ಡ್ರೈವರ್, ಇನ್ನೊಂದು ದಿನ ಗ್ರಾಫಿಕ್ಸಿನದು, ಮತ್ತೊಂದು ದಿನ ಯಾರಿಗೂ ಬೇಡದ ಖಾಲಿ ಜಾಗ. ಆ ಖಾಲಿ ಜಾಗ ಬಂದ ದಿನವೇ ಡ್ರೈವರ್ ಬದಲಿಸಿ ಯಂತ್ರ ಸರಿಹೋಯಿತೆಂದು ನಾನು ನಂಬಿದ್ದು.

ವಿಂಡೋಸ್ ಫೋಲ್ಡರಿನ ಒಳಗಿದ್ದ ಮಿನಿಡಂಪ್ ಕಡತಗಳನ್ನೂ ಹೊರತೆಗೆದು, ಇನ್ನೊಂದು ಕಂಪ್ಯೂಟರಿನಲ್ಲಿ ವಿನ್‌ಡಿಬಿಜಿ ಎಂಬ ತಂತ್ರಾಂಶದಲ್ಲಿ ತೆರೆದು ನೋಡಿದೆ. ಅಷ್ಟು ಸಲ ಬಿದ್ದಿದ್ದರೂ ಸಿಕ್ಕವು ಮೂರೇ. ಬೂಟಿನ ತೀರ ಆರಂಭದಲ್ಲಿ ಬಿದ್ದಾಗ ಡಂಪ್ ಬರೆಯುವಷ್ಟು ವ್ಯವಸ್ಥೆಯೇ ಸಿದ್ಧವಾಗಿರುವುದಿಲ್ಲ. ಮೊದಲೆರಡು ಡಂಪುಗಳು ಬೇರೆ ಬೇರೆ ಡ್ರೈವರುಗಳತ್ತ ಬೆರಳು ತೋರಿಸಿದವು. ಮೂರನೆಯದರ ವಿಶ್ಲೇಷಣೆಯ ಕೊನೆಯಲ್ಲಿ ‘ಮೆಮೊರಿ ಕರಪ್ಷನ್ ಒನ್ ಬಿಟ್’ ಎಂದಿತ್ತು. ಮೆಮೊರಿಯಲ್ಲಿದ್ದ ತಂತ್ರಾಂಶದ ಪ್ರತಿಯನ್ನು ಅದರ ಮೂಲ ಕಡತದೊಡನೆ ಹೋಲಿಸಿ, ವ್ಯತ್ಯಾಸ ಒಂದೇ ಒಂದು ಬಿಟ್ಟಿನದು ಎಂದು ಅದು ಹೇಳುತ್ತಿತ್ತು. ತಂತ್ರಾಂಶ ಬರೆದವರ ತಪ್ಪಿನಿಂದ ಹೀಗೆ ಒಂಟಿ ಬಿಟ್ ಬದಲಾಗುವುದು ಅಪರೂಪ.

ಇನ್ನು ಪ್ರತ್ಯಕ್ಷ ಪರೀಕ್ಷೆ ಉಳಿದಿತ್ತು. ಮೆಮ್‌ಟೆಸ್ಟ್ 86 ಪ್ಲಸ್ ಎಂಬ ಮುಕ್ತ ತಂತ್ರಾಂಶ ಯಾವ ಕಾರ್ಯಾಚರಣ ವ್ಯವಸ್ಥೆಯ ನೆರವೂ ಇಲ್ಲದೆ ಪೆನ್ ಡ್ರೈವಿನಿಂದಲೇ ಬೂಟ್ ಆಗಿ, ರ‍್ಯಾಮಿನ ಪ್ರತಿ ಜಾಗದಲ್ಲೂ ಗೊತ್ತಾದ ವಿನ್ಯಾಸಗಳನ್ನು ಬರೆದು, ಹಿಂದಕ್ಕೆ ಓದಿ ಹೋಲಿಸುತ್ತದೆ. ಎಲ್ಲ ಸೊನ್ನೆ, ಎಲ್ಲ ಒಂದು, ಒಂದು ಬಿಟ್ ಮಾತ್ರ ಸರಿಯುತ್ತ ಹೋಗುವಂಥದ್ದು, ಹೀಗೆ ಹಲವು ಬಗೆ. ವಿಂಡೋಸಿನಲ್ಲೇ ಒಂದು ಮೆಮೊರಿ ಪರೀಕ್ಷೆ ಇದೆ, ನಾನು ಅದನ್ನು ಹಿಂದಿನ ದಿನ ಓಡಿಸಿದಾಗ ದೋಷವೇನೂ ಇಲ್ಲ ಎಂದಿತ್ತು. ಆ ಉತ್ತರವನ್ನು ಸುಲಭವಾಗಿ ನಂಬಿದ್ದು ನನ್ನನ್ನು ಇನ್ನೊಂದು ದಿನ ಹಿಂದಕ್ಕೆ ತಳ್ಳಿತ್ತು. ದೋಷ ಸಿಕ್ಕರೆ ಅದು ಖಚಿತ. ಸಿಗದಿದ್ದರೆ ಇನ್ನೂ ಹೆಚ್ಚು ಹೊತ್ತು, ಇನ್ನೂ ಕಠಿಣವಾಗಿ ಪರೀಕ್ಷಿಸಬೇಕು ಎಂದಷ್ಟೇ ಅರ್ಥ.

ಪರೀಕ್ಷೆ ಆರಂಭವಾಗಿ ಹದಿನಾಲ್ಕು ನಿಮಿಷ ಏನೂ ಇರಲಿಲ್ಲ. ಶೇಕಡಾ ಪಟ್ಟಿ ಒಂದೊಂದೇ ಹೆಜ್ಜೆ ಬಲಕ್ಕೆ ಸರಿಯುತ್ತಿತ್ತು. ಹದಿನೈದನೆಯ ನಿಮಿಷದಲ್ಲಿ ಪರದೆಯ ಕೆಳಭಾಗದಲ್ಲಿ ಒಂದು ಕೆಂಪು ಸಾಲು ಮೂಡಿತು, ಅದರ ಕೆಳಗೆ ಇನ್ನೊಂದು, ಮತ್ತೊಂದು. ಪ್ರತಿ ಸಾಲಿನಲ್ಲೂ ವಿಳಾಸ, ಇರಬೇಕಾದ ಮೌಲ್ಯ, ಸಿಕ್ಕ ಮೌಲ್ಯ. ಎರಡು ಮೌಲ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎಲ್ಲ ಅಂಕೆಗಳೂ ಒಂದೇ, ಒಂದೇ ಒಂದು ಸ್ಥಾನ ಮಾತ್ರ ಬೇರೆ, ಅದೂ ಪ್ರತಿ ಸಾಲಿನಲ್ಲೂ ಅದೇ ಸ್ಥಾನ. 1 ಇರಬೇಕಾದಲ್ಲಿ 0 ಇತ್ತು. ನಾಲ್ಕು ದಿನ ನನ್ನನ್ನು ಅಲೆದಾಡಿಸಿದ ಸಂಗತಿ ಕಣ್ಣೆದುರಿಗೇ ಇತ್ತು, ನಾನು ಆ ಪರದೆಯ ಚಿತ್ರ ತೆಗೆದುಕೊಂಡೆ.

ಯಂತ್ರದಲ್ಲಿದ್ದ ಎರಡು ರ‍್ಯಾಮ್ ಕಡ್ಡಿಗಳಲ್ಲಿ ಕೆಟ್ಟಿರುವುದು ಯಾವುದು ಎಂದು ವಿಳಾಸದಿಂದ ತಿಳಿಯುವುದಿಲ್ಲ. 8 ಜಿಬಿಯ ಎರಡು ಕಡ್ಡಿಗಳು ಜೋಡಿ ಚಾನಲಿನಲ್ಲಿ ಕೆಲಸ ಮಾಡುವಾಗ ವಿಳಾಸಗಳು ಎರಡಕ್ಕೂ ಹೆಣೆದುಕೊಂಡಂತೆ ಹಂಚಿಹೋಗಿರುತ್ತವೆ. ಒಂದೊಂದನ್ನೇ ಪರೀಕ್ಷಿಸದೆ ಬೇರೆ ದಾರಿಯಿಲ್ಲ. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಬೇಕಿತ್ತು: ಕಡ್ಡಿ ನಿಜವಾಗಿ ಕೆಟ್ಟಿದೆಯೇ, ಅಥವಾ ಅದರ ಶಕ್ತಿಗೆ ಮೀರಿ ಓಡಿಸುತ್ತಿದ್ದೇನೆಯೇ? ಡಿಡಿಆರ್ 4 ರ‍್ಯಾಮಿನ ಸಾಮಾನ್ಯ ವೋಲ್ಟೇಜ್ 1.2; ನಾನು ಮೊದಲಿನಿಂದಲೂ ಎಕ್ಸ್‌ಎಂಪಿ ಎಂಬ ಸಿದ್ಧ ಸೆಟ್ಟಿಂಗ್ ಬಳಸಿ 1.35 ವೋಲ್ಟಿನಲ್ಲಿ 3200 ವೇಗದಲ್ಲಿ ಓಡಿಸುತ್ತಿದ್ದೆ. ಬ್ಯಾಟರಿ ತೆಗೆದಾಗ ಇದೂ ಹೋಗಿ, ಸಾಟಾ ಮೋಡಿನ ಜೊತೆಗೆ ಇದನ್ನೂ ನಾನು ಮತ್ತೆ ಹಾಕಿದ್ದೆ. ಈಗ ಎಕ್ಸ್‌ಎಂಪಿ ತೆಗೆದು ಪರೀಕ್ಷಿಸಿದಾಗ ಕೆಂಪು ಸಾಲುಗಳು ಕಡಿಮೆಯಾದವು, ನಿಲ್ಲಲಿಲ್ಲ. ಸಾಮಾನ್ಯ ವೇಗದಲ್ಲೂ ತಪ್ಪುವ ಕೋಶವನ್ನು ಸೆಟ್ಟಿಂಗಿನಿಂದ ಸರಿಮಾಡಲಾಗುವುದಿಲ್ಲ.

ವಿದ್ಯುತ್ ಸಂಪರ್ಕ ಪೂರ್ತಿ ತೆಗೆದು, ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಹರಿಯಬಿಟ್ಟು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಕಡ್ಡಿಗಳನ್ನು ಹೊರತೆಗೆದೆ. ಪೆನ್ಸಿಲಿನಿಂದ ಅವುಗಳ ಲೇಬಲಿನ ಮೇಲೆ 1, 2 ಎಂದು ಬರೆದೆ. ಮೊದಲನೆಯ ಕಡ್ಡಿಯನ್ನು ಪ್ರೊಸೆಸರಿನಿಂದ ಎರಡನೆಯ ಸ್ಲಾಟಿಗೆ ಹಾಕಿ, ಎರಡೂ ತುದಿಗಳಲ್ಲಿ ಟಕ್ಕೆಂದು ಕೂರುವವರೆಗೆ ಒತ್ತಿ ಪರೀಕ್ಷೆಗೆ ಬಿಟ್ಟೆ. ಒಂದು ಸುತ್ತು ಪೂರ್ತಿ ಸ್ವಚ್ಛ. ಅದೇ ಸ್ಲಾಟಿಗೆ ಎರಡನೆಯ ಕಡ್ಡಿ ಹಾಕಿದರೆ ಆರು ನಿಮಿಷದಲ್ಲಿ ಕೆಂಪು. ಇಲ್ಲಿಗೆ ನಿಲ್ಲಿಸಬಾರದು, ಏಕೆಂದರೆ ಸ್ಲಾಟು ಅಥವಾ ಸಂಪರ್ಕವೂ ಕೆಟ್ಟಿರಬಹುದು. ಎರಡನೆಯ ಕಡ್ಡಿಯ ಚಿನ್ನದ ಬಣ್ಣದ ಅಂಚನ್ನು ಒಣಬಟ್ಟೆಯಿಂದ ಒರೆಸಿ ನಾಲ್ಕನೆಯ ಸ್ಲಾಟಿನಲ್ಲಿ ಪರೀಕ್ಷಿಸಿದೆ: ಮತ್ತೆ ಕೆಂಪು, ಅದೇ ಬಿಟ್. ಮೊದಲನೆಯದನ್ನು ನಾಲ್ಕನೆಯ ಸ್ಲಾಟಿಗೆ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದಾಗ ಹಲವು ಸುತ್ತುಗಳು ಮುಗಿದಿದ್ದವು, ದೋಷ ಸೊನ್ನೆ. ಸ್ಲಾಟುಗಳು ನಿರಪರಾಧಿಗಳು, ಎರಡನೆಯ ಕಡ್ಡಿಯೇ ಕೆಟ್ಟದ್ದು.

ಒಳ್ಳೆಯ ಕಡ್ಡಿಯೊಂದನ್ನೇ ಇಟ್ಟುಕೊಂಡು ವಿಂಡೋಸ್ ಎಬ್ಬಿಸಿದರೆ ಆಗಲೂ ಏಳಲಿಲ್ಲ. ‘ಕ್ರಿಟಿಕಲ್ ಪ್ರೊಸೆಸ್ ಡೈಡ್’ ಎಂಬ ಕೋಡ್ ಬಂತು. ನೋಟ್‌ಬುಕ್ಕಿನ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂತು: ನಾಲ್ಕು ಸಲ ಪ್ರಯತ್ನಿಸಿದೆ, ನಾಲ್ಕು ಸಲವೂ ಅದೇ ಕೋಡ್, ಅದೇ ಜಾಗ. ಕೋಡ್ ಬದಲಾಗದಿರುವುದನ್ನು ಕಂಡು ನನಗೆ ಸಮಾಧಾನವೇ ಆಯಿತು, ಏಕೆಂದರೆ ಈಗಿನ ದೋಷ ಸ್ಥಿರವಾದದ್ದು, ಡಿಸ್ಕಿನ ಮೇಲಿರುವಂಥದ್ದು. ಕೆಟ್ಟ ರ‍್ಯಾಮ್ ಇದ್ದ ದಿನಗಳಲ್ಲಿ ವಿಂಡೋಸಿನ ಅಪ್‌ಡೇಟುಗಳು ಬರೆದ ಕೆಲವು ಕಡತಗಳು ಕೆಟ್ಟಿರಬೇಕು ಎಂದು ಊಹಿಸಿದೆ. ಹಿಂದೆಯೇ ಮರುಸ್ಥಾಪನೆಗೆ ಇಳಿದಿದ್ದರೆ, ಕೆಟ್ಟ ಮೆಮೊರಿಯ ಮೂಲಕವೇ ಸಾವಿರಾರು ಕಡತಗಳು ಬಿಚ್ಚಿಕೊಂಡು ಡಿಸ್ಕಿಗೆ ಇಳಿಯುತ್ತಿದ್ದವು. ಸಹೋದ್ಯೋಗಿ ಬೇಡವೇ ಬೇಡ ಎಂದದ್ದು ಇದಕ್ಕೇ.

ದುರಸ್ತಿ ಪರಿಸರದ ಕಮಾಂಡ್ ಪ್ರಾಂಪ್ಟಿಗೆ ಹೋದೆ. ಅಲ್ಲಿ ಡ್ರೈವುಗಳ ಅಕ್ಷರಗಳು ಎಂದಿನಂತೆ ಇರುವುದಿಲ್ಲ. ನನ್ನ ವಿಂಡೋಸ್ ಸಿ ಬದಲು ಡಿಯಲ್ಲಿ ಕಾಣುತ್ತಿತ್ತು. ಇದನ್ನು ಗಮನಿಸದೆ ಆದೇಶ ಕೊಟ್ಟರೆ ಬೇರೊಂದು ವಿಭಾಗವನ್ನು ತಪಾಸಣೆ ಮಾಡಿ ಎಲ್ಲ ಸರಿಯಿದೆ ಎಂಬ ಉತ್ತರ ಬರಬಹುದು. ಮೊದಲು ಚೆಕ್‌ಡಿಸ್ಕ್ ಓಡಿಸಿ ಕಡತ ವ್ಯವಸ್ಥೆಯನ್ನು ನೇರ್ಪಡಿಸಿದೆ, ಅದರಲ್ಲಿ ಸಣ್ಣಪುಟ್ಟ ತಿದ್ದುಪಡಿಗಳಷ್ಟೇ ಇದ್ದವು. ಬಳಿಕ ವಿಂಡೋಸಿನ ಸ್ವಂತ ಕಡತಗಳನ್ನು ತಪಾಸಣೆ ಮಾಡಿ ಸರಿಪಡಿಸುವ ಎಸ್‌ಎಫ್‌ಸಿ ಆದೇಶವನ್ನು, ಆಫ್‌ಲೈನ್ ಬೂಟ್ ಮತ್ತು ವಿಂಡೋಸ್ ಫೋಲ್ಡರುಗಳ ವಿಳಾಸ ಸಹಿತ ಕೊಟ್ಟೆ. ಕೆಟ್ಟ ಕಡತಗಳು ಸಿಕ್ಕಿವೆ, ಕೆಲವನ್ನು ಸರಿಪಡಿಸಲಾಗಲಿಲ್ಲ ಎಂದಿತು. ಎಸ್‌ಎಫ್‌ಸಿ ಒಳ್ಳೆಯ ಪ್ರತಿಗಳನ್ನು ತೆಗೆದುಕೊಳ್ಳುವ ಭಂಡಾರವೇ ಕೆಟ್ಟಿದ್ದರೆ ಹೀಗಾಗುತ್ತದೆ. ಆಗ ಅದೇ ಆವೃತ್ತಿಯ ವಿಂಡೋಸ್ ಸ್ಥಾಪನಾ ಪೆನ್ ಡ್ರೈವನ್ನು ಮೂಲವಾಗಿ ತೋರಿಸಿ, ಡಿಐಎಸ್‌ಎಂ ಆದೇಶದಿಂದ ಭಂಡಾರವನ್ನು ಸರಿಪಡಿಸಿ, ಎಸ್‌ಎಫ್‌ಸಿಯನ್ನು ಇನ್ನೊಮ್ಮೆ ಓಡಿಸಿದೆ. ಈ ಸಲ ಎಲ್ಲವೂ ಸರಿಯಾಯಿತೆಂದು ವರದಿ ಬಂತು. ಮರುಪ್ರಾರಂಭಿಸಿದಾಗ ಚುಕ್ಕಿಗಳು ಸುತ್ತಿ, ಸುತ್ತಿ, ಲಾಗಿನ್ ಪರದೆ ಬಂತು, ನಂತರ ಡೆಸ್ಕ್‌ಟಾಪ್ ಬಂತು. ನಾನು ಅಂದು ಅದರಲ್ಲಿ ಯಾವ ಕೆಲಸವನ್ನೂ ಮಾಡದೆ ಐದು ಸಲ ಆರಿಸಿ ಹಚ್ಚಿದೆ, ಐದು ಸಲವೂ ಎದ್ದಿತು.

ಅದಾದ ಮೇಲೆ ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕೆಟ್ಟ ರ‍್ಯಾಮಿನ ಮೂಲಕ ಹೊರಗಿನ ಡಿಸ್ಕಿಗೆ ಮಾಡಿದ ನಕಲನ್ನು ನಂಬುವಂತಿರಲಿಲ್ಲ, ಅದನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ನಕಲಿಸಿದೆ. ಆ 22 ಜಿಬಿಯ ಕಡತದ ಲೆಕ್ಕವನ್ನು ಎರಡು ಸಲ ಮಾಡಿಸಿ, 64 ಅಕ್ಷರಗಳ ಎರಡೂ ಸಾಲುಗಳ ಮೇಲೆ ಬೆರಳಿಟ್ಟು ಹೋಲಿಸಿದೆ; ಮೊದಲಿಂದ ಕೊನೆಯವರೆಗೆ ಒಂದೇ. ನಾಲ್ಕು ತಿಂಗಳ ಹಿಂದಿನ ನಕಲಿನಲ್ಲಿದ್ದ ಕಡತಗಳೊಡನೆ ಹೋಲಿಸಿದಾಗ ಹಳೆಯವೆಲ್ಲ ತಾಳೆಯಾದವು. ಆ ನಾಲ್ಕು ತಿಂಗಳಲ್ಲಿ ಧ್ವನಿಮುದ್ರಕದ ಕಾರ್ಡಿನಿಂದ ಈ ಯಂತ್ರಕ್ಕೆ ಇಳಿಸಿಕೊಂಡಿದ್ದ ಮುದ್ರಣಗಳು ಮಾತ್ರ ಅನುಮಾನಾಸ್ಪದವಾಗಿದ್ದವು. ಕಾರ್ಡಿನಲ್ಲಿ ಇನ್ನೂ ಉಳಿದಿದ್ದ ಮೂಲಗಳೊಡನೆ ಒಂದೊಂದನ್ನೂ ಹೋಲಿಸಿದೆ. ಮೂರು ಕಡತಗಳಲ್ಲಿ ವ್ಯತ್ಯಾಸ ಸಿಕ್ಕಿತು, ಅವನ್ನು ಕಾರ್ಡಿನಿಂದ ಮತ್ತೆ ತೆಗೆದುಕೊಂಡೆ.

ಒಂದು ಮುದ್ರಣದ ಮೂಲ ಕಾರ್ಡಿನಲ್ಲಿರಲಿಲ್ಲ, ಜಾಗ ಬೇಕೆಂದು ಅದನ್ನು ನಾನು ಅಳಿಸಿದ್ದೆ. ಹೆಡ್‌ಫೋನ್ ಹಾಕಿಕೊಂಡು ಅದನ್ನು ಪೂರ್ತಿ ಕೇಳಿದೆ. ಒಬ್ಬ ಅಜ್ಜಿ ತಮ್ಮ ತಾಯಿಯ ಬಗ್ಗೆ ಮಾತಾಡುತ್ತಿದ್ದಾರೆ. ನಲವತ್ತೊಂದನೆಯ ನಿಮಿಷದಲ್ಲಿ, ಅವರು ಉಸಿರು ತೆಗೆದುಕೊಂಡು ಮುಂದಿನ ವಾಕ್ಯ ಆರಂಭಿಸುವ ನಡುವೆ, ಟಕ್ ಎಂಬ ಒಂದು ಸದ್ದು ಕೇಳಿತು. ಧ್ವನಿಯ ಅಲೆಯನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಅಲ್ಲಿ ಒಂದೇ ಒಂದು ಬಿಂದು ಅಕ್ಕಪಕ್ಕದವುಗಳಿಂದ ದೂರಕ್ಕೆ ಜಿಗಿದು ನಿಂತಿತ್ತು. ಅವರ ಮಾತಿನ ಒಂದಕ್ಷರವೂ ಹೋಗಿರಲಿಲ್ಲ. ಆ ಬಿಂದುವನ್ನು ನಾನು ತಿದ್ದಲಿಲ್ಲ. ಆ ಕಡತದ ಜೊತೆಗಿರುವ ಟಿಪ್ಪಣಿಯಲ್ಲಿ ನಿಮಿಷ, ಸೆಕೆಂಡು ಬರೆದು, ಈ ಸದ್ದು ಯಂತ್ರದ್ದು ಎಂದು ನಮೂದಿಸಿ ಮುಚ್ಚಿಟ್ಟೆ.